ಎದುರಿಗೆ ಬರುವ ಗಾಡಿ

ಲೀಪಾದಲ್ಲಿ ಲೀಪಾದವರು ಯಾರೂ ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಪೆದ್ದಿ ಅನ್ನುವವರು ಧಾರಾಳವಾಗಿ ಅನ್ನಲಿ.

ಊರ ಬಾಗಿಲ ಬೋರ್ಡಿನ ಮೇಲೆ ಜನಸಂಖ್ಯೆ ನೂರ ನಲವತ್ತೊಂದು ಎಂದಿದೆ. ಅದು ಹಳೆಯ ಗಣತಿಯ ಲೆಕ್ಕ. ಅದರಲ್ಲಿ ಕೆಲವರು ಈಗ ಚರ್ಚಿನ ಹಿಂದೆ ಮಣ್ಣಿನಲ್ಲಿದ್ದಾರೆ, ಇನ್ನು ಕೆಲವರು ಪೇಟೆಯ ವೃದ್ಧಾಶ್ರಮದಲ್ಲಿದ್ದಾರೆ. ಅವರಿಗೆ ಬೆಳಗಿನ ಗಂಜಿ ಉಣಿಸುವವಳು ನಾನೇ, ಅಡೆಲಿನ್ ಕುಚೇರಾ. ಉಳಿದವರು ಕತ್ತಲಿರುವಾಗಲೇ ಎದ್ದು ಮಾಂಸದ ಕಾರ್ಖಾನೆಗೋ, ಮೆಕ್ಕೆಜೋಳದಿಂದ ಎಥನಾಲ್ ತೆಗೆಯುವ ಪ್ಲಾಂಟಿಗೋ, ಆಸ್ಪತ್ರೆಗೋ ಹೋಗುತ್ತಾರೆ. ಎಲ್ಲವೂ ಪೇಟೆಯ ಕಡೆಗೇ. ಸಂಜೆ ಬಂದು ಮಲಗುತ್ತಾರೆ. ಗಣತಿಯವರು ಬಂದಾಗ ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳಿದರೇ ಹೊರತು, ಎಲ್ಲಿ ಬದುಕುತ್ತೀರಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೆದ್ದಾರಿಯಲ್ಲಿ ಎಂದು ಬರೆಸುತ್ತಿದ್ದೆ.

ನಾನು ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಶಾಲೆ ಇತ್ತು, ಹಾಲಿನ ಡೈರಿ ಇತ್ತು, ನನ್ನ ಚಿಕ್ಕಪ್ಪನ ಕಟುಕರ ಅಂಗಡಿ ಇತ್ತು. ಒಬ್ಬರ ಮನೆಯಲ್ಲಿ ಸೀನಿದರೆ ಇನ್ನೊಬ್ಬರ ಮನೆಯಿಂದ ದೇವರು ಕಾಪಾಡಲಿ ಅನ್ನುವಷ್ಟು ಹತ್ತಿರದ ಬಾಳು. ಈಗ ಅಂಚೆ ಕಚೇರಿ ಹಗಲು ಎರಡು ಗಂಟೆ ತೆರೆದಿರುತ್ತದೆ, ಆಗ ನಾನು ಕೆಲಸದಲ್ಲಿರುತ್ತೇನೆ. ಹೋಟೆಲು ಮುಚ್ಚಿತು. ಚರ್ಚಿನಲ್ಲಿ ಪಾದ್ರಿ ಎರಡು ವಾರಕ್ಕೊಮ್ಮೆ ಬರುತ್ತಾರೆ, ಆ ಭಾನುವಾರ ನನಗೆ ಡ್ಯೂಟಿ. ಸುದ್ದಿಗೆ ಕೂತು ಸುಧಾರಿಸಿಕೊಳ್ಳಲು ಊರಲ್ಲಿ ಒಂದು ಬೆಂಚೂ ಉಳಿದಿಲ್ಲ.

ಉಳಿದಿದ್ದು ಬೆರಳು.

ಎದುರಿನಿಂದ ಗಾಡಿ ಬಂದರೆ ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ತೋರುಬೆರಳು ಒಂದನ್ನು ಎತ್ತಬೇಕು. ಅದೇ ನಮ್ಮ ನಮಸ್ಕಾರ, ಯಾರಿಗಾದರೂ ಸರಿ. ನಮ್ಮೂರವರಾದರೆ ಎರಡು ಬೆರಳು. ಎತ್ತದಿದ್ದರೆ ಅವಳಿಗೆ ಏನಾಯಿತು, ಮೈ ಸರಿಯಿಲ್ಲವೋ ಸೊಕ್ಕು ಬಂತೋ ಎಂದು ಕೇಳುತ್ತಾರೆ. ಪೂರ್ತಿ ಕೈ ಎತ್ತುವುದು ನಮ್ಮಲ್ಲಿಲ್ಲ. ಯುದ್ಧದಿಂದ ಬಂದ ಹುಡುಗನಿಗೆ, ಕೊಟ್ಟಿಗೆ ಸುಟ್ಟುಹೋದವನಿಗೆ ಎತ್ತುತ್ತಾರೆ, ಅಷ್ಟೆ. ಮುಖ ಯಾರೂ ನೋಡುವುದಿಲ್ಲ. ಕತ್ತಲಲ್ಲಿ ಮುಖ ಎಲ್ಲಿ ಕಾಣಬೇಕು? ದೀಪದ ಅಂದಾಜು, ಗಾಡಿಯ ಎತ್ತರ, ಸೈಲೆನ್ಸರಿನ ಸದ್ದು, ಇದರಲ್ಲೇ ಇಂಥವರು ಎಂದು ಗೊತ್ತಾಗುತ್ತದೆ.

ವರ್ಲಿನ್ ಮಾರೆಕ್‌ನ ಹಸಿರು ಪಿಕಪ್‌ಗೆ ಒಂದು ದೀಪ ಬಿಳಿ, ಒಂದು ದೀಪ ಹಳದಿ. ಅರ್ಧ ಮೈಲಿಯಿಂದಲೇ ಗುರುತು ಸಿಗುತ್ತಿತ್ತು. ಅವನು ಎಥನಾಲ್ ಪ್ಲಾಂಟಿನ ರಾತ್ರಿ ಪಾಳಿ ಮುಗಿಸಿ ಊರಿಗೆ ಬರುವಾಗ ನಾನು ಪೇಟೆಗೆ ಹೋಗುತ್ತಿದ್ದೆ. ಹಳ್ಳದ ಸೇತುವೆಯ ಆಸುಪಾಸಿನಲ್ಲಿ ಎದುರಾಗುತ್ತಿದ್ದೆವು. ಅವನ ಎರಡು ಬೆರಳು, ನನ್ನ ಎರಡು ಬೆರಳು. ಆರು ವರ್ಷ ಇಷ್ಟೇ.

ಇಬ್ಬರೂ ಲೀಪಾ ಶಾಲೆಯ ಕೊನೆಯ ತರಗತಿಯವರು. ನಮ್ಮನ್ನು ಪಾಸು ಮಾಡಿ ಶಾಲೆಗೆ ಬೀಗ ಹಾಕಿದರು. ನಾನು ಮದುವೆಯಾಗಿ, ಅದು ಮುರಿದು, ಅಮ್ಮನ ಮನೆಗೆ ವಾಪಸು ಬಂದೆ. ಅವನ ಹೆಂಡತಿ ಶ್ಯಾರನ್ ಕ್ಯಾನ್ಸರಿನಲ್ಲಿ ಹೋದಳು. ಅವಳನ್ನು ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಬಡಿಸಿದವರಲ್ಲಿ ನಾನೂ ಇದ್ದೆ. ಕಾಫಿ ಹಿಡಿದು ಹೋದಾಗ ಅವನು 'ಸಕ್ಕರೆ ಬೇಡ' ಎಂದ. ಆಮೇಲೆ ದನ ಮಾರಿ ರಾತ್ರಿ ಪಾಳಿಗೆ ಸೇರಿದ. ಖಾಲಿ ಮನೆಯಲ್ಲಿ ರಾತ್ರಿ ಕಳೆಯುವುದು ಅವನಿಗೆ ಆಗುತ್ತಿರಲಿಲ್ಲ ಎಂದು ಊರವರು ಹೇಳಿದರು. ನನಗೆ ಅದು ಚೆನ್ನಾಗಿ ಅರ್ಥವಾಯಿತು. ಅಮ್ಮ ಹೋದ ಮೇಲೆ ಖಾಲಿ ಮನೆ ನನ್ನದೂ ಒಂದು ಇತ್ತಲ್ಲ.

ಯಾವಾಗ ಶುರುವಾಯಿತು ಎಂದು ಕೇಳಬೇಡಿ. ಸೇತುವೆ ಹತ್ತಿರ ಬಂದರೆ ನಾನು ರೇಡಿಯೋ ಸಣ್ಣಗೆ ಮಾಡುತ್ತಿದ್ದೆ. ಅವನು ರಜೆ ಹಾಕಿದ ದಿನ ಬೆಳಗ್ಗೆಯಿಂದ ಮುದುಕಿಯರ ಮೇಲೆ ಸಿಡುಕುತ್ತಿದ್ದೆ. ಐವತ್ತಾರರ ಹೆಂಗಸಿಗೆ ಇದು ಶೋಭೆಯೇ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಬೈದರೆ ಹೋಗುವಂಥದ್ದಾಗಿರಲಿಲ್ಲ.

ಈ ಜನವರಿಯಲ್ಲಿ ಒಂದು ಬೆಳಗ್ಗೆ, ಹಿಮ ಗಾಳಿಗೆ ರಸ್ತೆಯ ಮೇಲೆ ಹರಿದಾಡುತ್ತಿತ್ತು. ಬಿಳಿ ದೀಪ, ಹಳದಿ ದೀಪ ಬಂತು. ನಾನು ಎರಡು ಬೆರಳು ಎತ್ತಿದೆ. ಆ ಕಡೆಯಿಂದ ಪೂರ್ತಿ ಕೈ ಎದ್ದಿತು. ಐದು ಬೆರಳೂ ಅಗಲವಾಗಿ, ಗಾಜಿಗೆ ತಾಗುವ ಹಾಗೆ.

ನಾನು ಸುಮಾರು ದೂರ ಉಸಿರೇ ಬಿಡಲಿಲ್ಲ.

ಮರುದಿನವೂ ಕೈ. ಅದರ ಮರುದಿನವೂ. ಒಂದು ವಾರ ನಾನು ಎರಡೇ ಬೆರಳಿನಲ್ಲಿ ಬಿಗಿದುಕೊಂಡಿದ್ದೆ. ಆಮೇಲೆ ಎಲ್ಲಿತ್ತೋ ಧೈರ್ಯ, ನಾನೂ ಸ್ಟಿಯರಿಂಗಿನಿಂದ ಕೈ ತೆಗೆದು ಪೂರ್ತಿ ಎತ್ತಿದೆ. ಕಾರು ಸ್ವಲ್ಪ ಓಲಾಡಿತು, ನಾನೂ ಓಲಾಡಿದೆ. ಆ ದಿನ ಆಶ್ರಮದಲ್ಲಿ ಪೋಸ್ಪಿಶಿಲ್ ಅಜ್ಜಿ ಚಮಚ ಬಾಯಿಗಿಡುವ ಮೊದಲು ನನ್ನನ್ನು ನೋಡಿ, "ಏನೇ, ಯಾರೇ ಅವನು?" ಅಂದಳು. ಆ ಅಜ್ಜಿಗೆ ತನ್ನ ಮಗಳ ಹೆಸರೂ ನೆನಪಿರುವುದಿಲ್ಲ, ಇದು ಮಾತ್ರ ಕಂಡುಬಿಟ್ಟಿತು.

ಚಳಿಗಾಲವೆಲ್ಲ ಹಾಗೆ ಕಳೆಯಿತು. ಯಾರನ್ನೂ ಏನೂ ಕೇಳಲಿಲ್ಲ. ವರ್ಲಿನ್ ಹೇಗಿದ್ದಾನೆ ಎಂದು ಯಾರನ್ನಾದರೂ ಕೇಳಿದ್ದರೆ ಸಂಜೆಯೊಳಗೆ ಅದು ಎಲ್ಲರ ಅಡಿಗೆಮನೆ ತಲುಪುತ್ತಿತ್ತು. ಬೇರೆ ಸುದ್ದಿ ಹರಡಲು ಜಾಗವಿಲ್ಲದಿದ್ದರೂ ಆ ಥರದ್ದಕ್ಕೆ ಹೇಗೋ ದಾರಿ ಸಿಗುತ್ತದೆ. ಅವನು ಒಂದು ಹೆಜ್ಜೆ ಮುಂದೆ ಬಂದಿದ್ದಾನೆ, ಇನ್ನೊಂದು ಹೆಜ್ಜೆ ನಾನು ಇಡಬೇಕು ಎಂದು ನಿರ್ಧರಿಸಿದೆ. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಮೀನೂಟ ಇರುತ್ತದೆ, ಊರೆಲ್ಲ ಬರುತ್ತದೆ. ಅಲ್ಲಿಗೆ ಹೋಗಿ ಅವನ ಪಕ್ಕ ಕೂರುತ್ತೇನೆ, ಶನಿವಾರದ ಪೋಲ್ಕಾ ಕುಣಿತಕ್ಕೆ ಬರುತ್ತೀಯಾ ಎಂದು ಕೇಳುತ್ತೇನೆ. ಇಷ್ಟೇ ನನ್ನ ಯೋಜನೆ. ಅದಕ್ಕೆ ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚೆ, ಮಾಡಿದೆ, ಸಂಜೆಯ ಡ್ಯೂಟಿ ಬದಲಾಯಿಸಿಕೊಂಡೆ, ತುಟಿಗೆ ಬಣ್ಣವನ್ನೂ ಹಚ್ಚಿದೆ.

ಶೆಡ್ಡಿನ ಮುಂದೆ ಹಸಿರು ಪಿಕಪ್ ನಿಂತಿತ್ತು. ಅದರ ಪಕ್ಕವೇ ನನ್ನ ಬಿಳಿ ಕಾರು ನಿಲ್ಲಿಸಿದೆ. ಕನ್ನಡಿಯಲ್ಲಿ ತುಟಿಯ ಬಣ್ಣ ಇನ್ನೊಮ್ಮೆ ನೋಡಿಕೊಂಡು ಇಳಿದೆ.

ಒಳಗೆ ಟಿಕೆಟ್ ಮೇಜಿನಲ್ಲಿ ಡೊರೀನ್ ಕೂತಿದ್ದಳು. ಊರಿನ ಕ್ಲರ್ಕ್ ಅವಳೇ, ಬೆಂಕಿ ಬಿದ್ದರೆ ನೀರಿನ ಲಾರಿ ಓಡಿಸುವವಳೂ ಅವಳೇ. ಬಾಯಿಗೆ ಬ್ರೇಕಿಲ್ಲ.

"ಅಯ್ಯೋ, ನೋಡ್ರಪ್ಪಾ ಯಾರು ಬಂದ್ರು! ಬದುಕಿದೀಯಾ ಮಾರಾಯ್ತಿ? ತುಟಿಗೆ ಬಣ್ಣ ಬೇರೆ!"

"ಟಿಕೆಟ್ ಕೊಡು, ಬಾಯಿ ಮುಚ್ಚು."

"ಕೊಡ್ತೀನಿ ತಾಳು. ನೀನೂ ವರ್ಲಿನ್‌ನ ಕಳಿಸಿಕೊಡೋಕೆ ಬಂದ್ಯಾ?"

"ಎಲ್ಲಿಗೆ ಕಳಿಸೋದು?"

ಡೊರೀನ್ ಬಿಟ್ಟ ಬಾಯಿ ಬಿಟ್ಟ ಹಾಗೇ ನನ್ನನ್ನು ನೋಡಿದಳು. "ಗೊತ್ತಿಲ್ವಾ? ಸೌತ್ ಡಕೋಟಾಗೆ ಕಣೇ. ಕಂಪನಿಯೋರು ಅಲ್ಲಿ ಹೊಸ ಪ್ಲಾಂಟ್ ಹಾಕಿದಾರೆ, ಬರೋರು ಯಾರು ಅಂತ ಕೇಳಿದ್ರಂತೆ, ಈತ ಕೈ ಎತ್ತಿದ. ಮನೆ ಮಾರಿ ಆಯ್ತು. ಸೋಮವಾರ ಹೊರಡ್ತಾನೆ. ಒಬ್ಬ ಹೋದ, ಐದು ಜನ ಬಂದ್ರು, ನನಗೆ ಬೋರ್ಡ್ ಬರೆಸೋ ಕೆಲಸ. ಊರಿಗೆಲ್ಲ ಗೊತ್ತಿರೋದು ನಿನಗೆ ಗೊತ್ತಿಲ್ಲ ಅಂದ್ರೆ ಹೇಗೆ?"

"ಇವತ್ತು ಬೆಳಗ್ಗೆ..." ಎಂದು ಶುರು ಮಾಡಿ ನಿಲ್ಲಿಸಿದೆ. ಇವತ್ತು ಬೆಳಗ್ಗೆಯೂ ಕೈ ಎತ್ತಿದ್ದನಲ್ಲ. ಸೋಮವಾರ ಹೊರಡುವವನು ಹಾಗೆ ಯಾಕೆ ಎತ್ತುತ್ತಾನೆ?

ಆಗ ಶೆಡ್ಡಿನ ಆ ತುದಿಯಿಂದ ಒಂದು ಕೈ ಮೇಲೆದ್ದಿತು. ಐದು ಬೆರಳೂ ಅಗಲ. ಚಳಿಗಾಲವೆಲ್ಲ ನೋಡಿದ ಕೈ, ಅದನ್ನು ನಾನು ಸಾವಿರ ಕೈಗಳ ನಡುವೆಯೂ ಗುರುತಿಸುತ್ತಿದ್ದೆ. ಕೈಯ ಕೆಳಗೆ ಇದ್ದದ್ದು ವರ್ಲಿನ್‌ನ ಮುಖವಲ್ಲ. ಗಿಡ್ಡ ಮೈಯ, ದಪ್ಪ ಕೂದಲಿನ, ನಾನು ಎಂದೂ ನೋಡಿರದ ಗಂಡಸು. ಅವನು ಕುರ್ಚಿ ಸರಿಸಿ, ಹೆಂಡತಿಯನ್ನೂ ಎಬ್ಬಿಸಿಕೊಂಡು ಬಂದೇಬಿಟ್ಟ.

"ಸೆನ್ಯೋರಾ! ಬಿಳಿ ಕಾರು! ಸೇತುವೆ! ನೀವು ಇಳಿದಿದ್ದು ಕಿಟಕಿಯಿಂದ ನೋಡಿದೆ!" ಅವನ ಮುಖ ಅರಳಿತ್ತು. "ನಾನು ಯುಸೇಬಿಯೋ. ಇವಳು ಇರ್ಮಾ, ನನ್ನ ಹೆಂಡತಿ. ಇರ್ಮಾ, ಇವರೇ."

ಇರ್ಮಾ ನನ್ನ ಎರಡೂ ಕೈ ಹಿಡಿದುಕೊಂಡಳು. ಕೊಲಾಚೆಯ ಡಬ್ಬ ಬೀಳುವುದರಲ್ಲಿತ್ತು.

ಅವನು ತೊದಲುತ್ತ ಹೇಳಿದ್ದು ಇದು. ಅವರು ಗ್ವಾಟೆಮಾಲಾದವರು, ಅವನಿಗೆ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ತೊಳೆಯುವ ಕೆಲಸ. ಹೊಸ ವರ್ಷದಲ್ಲಿ ವರ್ಲಿನ್ ಇವನಿಗೆ ಪಿಕಪ್ ಮಾರಿದ. "ಗಾಡಿ ಕೊಡುವಾಗ ಹೇಳಿದ್ರು, ಇಲ್ಲಿ ಎದುರು ಬಂದವರಿಗೆ ಕೈ ಎತ್ತಬೇಕು ಅಂತ. ನಾನು ಎತ್ತಿದೆ, ಎಲ್ಲರಿಗೂ ಎತ್ತಿದೆ. ಬೇರೆಯವರು ಗಾಡಿ ನೋಡಿ ಬೆರಳು ಎತ್ತೋರು, ಊರಿನ ಬೀದಿದೀಪದಲ್ಲಿ ನನ್ನ ಮುಖ ಕಂಡ್ರೆ ಇಳಿಸೋರು. ನೀವು ಮಾತ್ರ ಇಳಿಸಲಿಲ್ಲ, ಸೆನ್ಯೋರಾ. ನೀವು ಪೂರ್ತಿ ಕೈ. ದಿನಾ ಮನೆಗೆ ಬಂದು ಇವಳಿಗೆ ಹೇಳ್ತಿದ್ದೆ, ಇವತ್ತೂ ಎತ್ತಿದ್ರು ಅಂತ."

ಕೈ ಎತ್ತಬೇಕು ಎಂದು ವರ್ಲಿನ್ ಹೇಳಿಕೊಟ್ಟಿದ್ದ. ಎಷ್ಟು ಎತ್ತಬೇಕು ಎಂದು ಹೇಳಿರಲಿಲ್ಲ. ನಮಗೆ ಅದು ಹೇಳಬೇಕಾದ ವಿಷಯ ಎಂದೇ ಅನ್ನಿಸುವುದಿಲ್ಲ.

ನಾನು ಏನು ಹೇಳಲಿ? ನಿನಗಲ್ಲಪ್ಪಾ, ನಿನ್ನ ಗಾಡಿಗೆ ಎತ್ತಿದ್ದು ಎಂದೇ? ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಅವರಿಬ್ಬರ ಸಂತೋಷ ನೋಡಿ ಇನ್ನಷ್ಟು ನಾಚಿಕೆಯಾಯಿತು. "ಊರಿಗೆ ಬಂದಿದ್ದು ಒಳ್ಳೇದಾಯ್ತು" ಎಂದು ಇರ್ಮಾಳ ಕೈಗೆ ನಾಲ್ಕು ಕೊಲಾಚೆ ಇಟ್ಟೆ. ಆ ಮಾತು ಸುಳ್ಳಾಗಿರಲಿಲ್ಲ.

ವರ್ಲಿನ್ ಕಾಫಿ ಪಾತ್ರೆಯ ಹತ್ತಿರ ಮೇಜಿನ ತುದಿಯಲ್ಲಿ ಒಬ್ಬನೇ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದ. ಎದುರಿಗೆ ಹೋಗಿ ಕೂತೆ. ದೀಪದ ಬೆಳಕಿನಲ್ಲಿ ಅವನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ. ವಯಸ್ಸಾಗಿತ್ತು. ನನಗೆ ಚೆನ್ನಾಗಿಯೇ ಕಂಡ.

"ಗಾಡಿ ಮಾರಿದ್ದು ನನಗೆ ಹೇಳಲಿಲ್ಲ" ಎಂದೆ.

"ಹೇಳೋದು ಎಲ್ಲಿ, ಅಡೆಲಿನ್? ನಿನ್ನ ನೋಡೋದು ಎಲ್ಲಿ?"

"ಈಗ ಪ್ಲಾಂಟಿಗೆ ಹೇಗೆ ಹೋಗ್ತೀಯ?"

"ಒಂದು ಬೂದು ಕಾರು ತಗೊಂಡೆ. ಪಿಕಪ್ಪು ವಿಪರೀತ ಪೆಟ್ರೋಲ್ ಕುಡೀತಿತ್ತು, ಹೊಸ ವರ್ಷದಿಂದ ನನಗೆ ಹಗಲು ಪಾಳಿ, ಸಂಬಳ ಕಡಿಮೆ. ನಿನ್ನ ಹಿಂದೇನೇ ಬರ್ತೀನಲ್ಲ ದಿನಾ."

"ನನ್ನ ಹಿಂದೆ?"

"ಪ್ಲಾಂಟಿನ ತಿರುವಿನವರೆಗೂ. ನಿನ್ನ ಎಡಗಡೆ ಹಿಂದಿನ ದೀಪ ಸುಟ್ಟುಹೋಗಿದೆ. ಪೊಲೀಸರು ಹಿಡೀತಾರೆ, ಹಾಕಿಸ್ಕೋ."

ಕನ್ನಡಿಯಲ್ಲಿ ಒಂದು ಜೋಡಿ ದೀಪ ದಿನವೂ ಹಿಂದೆಯೇ ಬರುತ್ತಿದ್ದದ್ದು ನಿಜ. ಯಾವನೋ ಹೆದರುಪುಕ್ಕಲ, ಇಷ್ಟು ನಿಧಾನ ಹೋಗುವ ನನ್ನನ್ನೂ ದಾಟುವುದಿಲ್ಲ ಎಂದು ನಗುತ್ತಿದ್ದೆ. ಹಿಂದೆ ಬರುವವನಿಗೆ ನಮ್ಮಲ್ಲಿ ಬೆರಳಿಲ್ಲ. ಬೆರಳು ಎದುರಿಗೆ ಬರುವವನಿಗೆ.

"ಹಗಲು ಪಾಳಿ ಯಾಕೆ ಕೇಳಿದೆ, ಸಂಬಳ ಕಡಿಮೆ ಅಂದ ಮೇಲೆ?"

ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸಿದ. "ರಾತ್ರಿ ದುಡಿಯೋನು ಯಾವ ಹೆಂಗಸನ್ನ ಊಟಕ್ಕೆ ಕರೀತಾನೆ ಹೇಳು? ಬೆಳಗಾಗೋ ಹೊತ್ತಿಗಾ?"

ನನಗೆ ತಿಳಿಯಿತು. ಆದರೂ ಅವನ ಬಾಯಿಂದಲೇ ಬರಲಿ ಎಂದು, "ಯಾವ ಹೆಂಗಸನ್ನ?" ಎಂದೆ.

"ನಿನ್ನನ್ನೇ ಕರೀಬೇಕು ಅಂತಿದ್ದೆ. ಜನವರಿಯಲ್ಲೇ" ಅಂದ. "ಹಿಂದೆ ಬರ್ತಿದ್ದೆ, ನನ್ನ ದೀಪದಲ್ಲಿ ನಿನ್ನ ಕಾರೊಳಗೆ ಎಲ್ಲ ಕಾಣುತ್ತೆ. ಸೇತುವೆ ಹತ್ರ ಯುಸೇಬಿಯೋ ಬಂದ. ನೀನು ಪೂರ್ತಿ ಕೈ ಎತ್ತಿದೆ. ಮರುದಿನಾನೂ ಎತ್ತಿದೆ. ನನಗೆ ಆರು ವರ್ಷ ಎರಡೇ ಬೆರಳು. ಮಾತು ಕೂಡ ಆಡದ ಹೊಸಬನಿಗೆ ಇಡೀ ಕೈ. ಹಾಗಾದ್ರೆ ನನಗೆ ಸಿಗೋದು ಇಷ್ಟೇ ಅಂತ ಅಂದ್ಕೊಂಡೆ. ಡಕೋಟಾಗೆ ಯಾರು ಅಂತ ಕೇಳಿದ್ರು, ಹೂಂ ಅಂದೆ."

"ಎಂಥಾ ಕತ್ತೆ ನೀನು!" ನಾನು ಗಟ್ಟಿಯಾಗಿಯೇ ಹೇಳಿದೆನೋ ಏನೋ, ಪಕ್ಕದ ಮೇಜಿನವರು ತಿರುಗಿದರು. "ಅದು ನಿನಗೆ ಕಣೋ! ನಿನ್ನ ಹಸಿರು ಡಬ್ಬಾ ಬಂತು, ಅದರೊಳಗಿಂದ ಕೈ ಬಂತು, ನೀನೇ ಅಂತ ಎತ್ತಿದೆ. ನನಗೇನು ಕನಸು ಬೀಳುತ್ತಾ ನೀನು ಹಿಂದೆ ಇದೀಯ ಅಂತ?"

ಅವನ ಫೋರ್ಕು ತಟ್ಟೆಯ ಮೇಲೆ ನಿಂತಿತು.

"ಇದನ್ನ ಜನವರಿಯಲ್ಲಿ ಬಾಯಿಬಿಟ್ಟು ಹೇಳಬಾರದಿತ್ತಾ, ಅಡೆಲಿನ್?"

"ಜನವರಿಯಿಂದ ದಿನಾ ನಿನಗೇ ಹೇಳ್ತಿದೀನಿ ಅಂದ್ಕೊಂಡಿದ್ದೆ."

ಸುತ್ತ ಜನ ಏಳುತ್ತಿದ್ದರು, ಡೊರೀನ್ ಯಾರನ್ನೋ ಗದರಿಸಿ ಕುರ್ಚಿ ಮಡಚಿಸುತ್ತಿದ್ದಳು. ಯುಸೇಬಿಯೋ ದೂರದಿಂದ ನಮ್ಮಿಬ್ಬರಿಗೂ ಒಟ್ಟಿಗೆ ಕೈಬೀಸಿ ರಾತ್ರಿ ಪಾಳಿಗೆ ಹೊರಟ.

"ಹೋಗಬೇಡ" ಎಂದೆ.

"ಮನೆ ಯುಸೇಬಿಯೋಗೇ ಕೊಟ್ಟಿದೀನಿ. ಮೂರು ಮಕ್ಕಳು, ಈಗ ಒಂದೇ ಕೋಣೇಲಿದಾರೆ. ಇಲ್ಲಿ ನನ್ನ ಕೆಲಸಕ್ಕೂ ಬೇರೆಯೋನು ಬಂದಾಯ್ತು." ಅವನು ತಲೆಯೆತ್ತಿದ. "ಅಲ್ಲೂ ಮುದುಕರಿದಾರೆ, ಅಡೆಲಿನ್. ಅವರಿಗೂ ಊಟ ಮಾಡಿಸೋರು ಬೇಕು. ಮನೆ ಬಾಡಿಗೆದು, ಆದ್ರೆ ದೊಡ್ಡದಿದೆ."

ಇದು ನಮ್ಮ ಕಡೆಯ ಗಂಡಸರು ಮದುವೆ ಕೇಳುವ ರೀತಿ. ಇದಕ್ಕಿಂತ ಚೆನ್ನಾಗಿ ಕೇಳುವುದು ಅವರಿಗೆ ಬರುವುದಿಲ್ಲ. ಹೂಂ ಅನ್ನಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ಕಣ್ಣ ಮುಂದೆ ಆಶ್ರಮದ ಊಟದ ಮನೆ ಬಂತು. ಬೇರೆಯವರು ಚಮಚ ಹಿಡಿದರೆ ಪೋಸ್ಪಿಶಿಲ್ ಅಜ್ಜಿ ಬಾಯಿ ತೆರೆಯುವುದಿಲ್ಲ. ನನಗೆ ಲೆಕ್ಕ ಕಲಿಸಿದ ಮೇಷ್ಟ್ರು ಈಗ ನನ್ನನ್ನು ಅಮ್ಮ ಎಂದು ಕರೆಯುತ್ತಾರೆ. ಲೀಪಾ ಎಂಬ ಊರು ಉಳಿದಿದ್ದರೆ ಅವರೆಲ್ಲ ಉಣ್ಣುವ ಆ ಎರಡು ಮೇಜುಗಳ ಸುತ್ತ ಉಳಿದಿದೆ. ಕಳೆದ ವರ್ಷ ಕೆಲಸ ಬಿಟ್ಟ ಇಬ್ಬರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

"ನೋಡೋಣ" ಎಂದೆ.

ನೋಡೋಣ ಅಂದರೆ ಏನೆಂದು ಅವನಿಗೂ ಗೊತ್ತು. ಅವನು ತಲೆಯಾಡಿಸಿ, ತಟ್ಟೆ ತೆಗೆದುಕೊಂಡು ಹೋಗಿ ತೊಳೆಯುವವರಿಗೆ ಕೊಟ್ಟು, ಟೋಪಿ ಹಾಕಿಕೊಂಡ. ನಾನು ಕೂತೇ ಇದ್ದೆ. ಬಾಗಿಲು ಮುಚ್ಚಿದ ಸದ್ದಾಯಿತು.

ಆಗ ನನಗೆ ಎಂಥ ಸಿಟ್ಟು ಬಂತೆಂದರೆ! ಆರು ವರ್ಷದ ಬೆರಳುಗಳ ಮೇಲೆ, ಅವನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಆ ನೋಡೋಣದ ಮೇಲೆ. ಕೋಟು ಹಾಕಿಕೊಳ್ಳದೆ ಹೊರಗೆ ಓಡಿದೆ. ಬೂದು ಕಾರು ಹಿಂದಕ್ಕೆ ಸರಿಯುತ್ತಿತ್ತು. ಗಾಜಿನ ಮೇಲೆ ಬಡಿದೆ. ಅವನು ಗಾಜು ಇಳಿಸಿದ.

"ನೋಡೋಣ ಅಲ್ಲ ವರ್ಲಿನ್, ಇಲ್ಲ. ನಾನು ಬರೋಕಾಗಲ್ಲ, ಅವರನ್ನ ಬಿಟ್ಟು ಬರೋಕಾಗಲ್ಲ. ಆದ್ರೆ ಆಸೆ ಇದೆ. ನಿನ್ನ ಜೊತೆ ಇರಬೇಕು ಅಂತ ತುಂಬಾ ಆಸೆ ಇದೆ, ಮೊದಲಿಂದಾನೂ ಇತ್ತು. ಈ ಸಲ ಬಾಯಲ್ಲೇ ಹೇಳ್ತಿದೀನಿ. ಕೇಳಿಸ್ತಾ?"

ಗಾಳಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಗಾಳಿಗೇ ಬಂತೋ ಏನೋ, ನನಗಂತೂ ಹಾಗಲ್ಲ.

"ಕೇಳಿಸ್ತು" ಅಂದ. ಎಂಜಿನ್ ಆರಿಸಿದ. "ಇನ್ನೊಂದ್ಸಲ ಹೇಳು."